ಬೀರಕ್ಕನ ಚಾಲು

ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಬೀರಕ್ಕನ ಬಾಯಿಗೆ ಹೆದರದವರಿರಲಿಲ್ಲ. ಮಂಡಿಯ ಯಜಮಾನನೇ ಅವಳೆದುರು ಮಾತನ್ನು ತೂಗಿ ಆಡುತ್ತಿದ್ದ. ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ ಎಂಬ ಗಾದೆಯನ್ನು ಹೆಂಗಸರು ಅವಳ ಬೆನ್ನ ಹಿಂದೆ ಹೇಳಿಕೊಂಡು ನಗುತ್ತಿದ್ದರು. ಎದುರಿಗೇ ಹೇಳಿ ನೋಡಿದ ಒಬ್ಬಿಬ್ಬರು ಆಮೇಲೆ ಮಂಡಿಯನ್ನೇ ಬದಲಾಯಿಸಿದರು.

ಅವಳ ಕೆಲಸ ತೂಕದ ಕಾಟಾದ ಪಕ್ಕ ನಿಲ್ಲುವುದು. ಹೆಂಗಸರು ಬೀಜ ಬಿಡಿಸಿ ನಾರು ತೆಗೆದ ಹಣ್ಣನ್ನು ಹಮಾಲಿ ಓಬುಳಪತಿ ಬುಟ್ಟಿಯಲ್ಲಿ ಹೊತ್ತು ತಂದು, ಕಾಟಾದ ಮೇಲಿಟ್ಟ ಪೆಟ್ಟಿಗೆಗೆ ಸುರಿಯುತ್ತಾನೆ. ತೂಕ ಸರಿಯಾದ ಕೂಡಲೇ ಬೀರಕ್ಕ "ಚಾಲು" ಅನ್ನಬೇಕು, ಅವನ ಕೈ ನಿಲ್ಲಬೇಕು. ಚಾಲು ಅಂದರೆ ತೆಲುಗಿನಲ್ಲಿ ಸಾಕು ಎಂದು. ಆ ಸೀಮೆಯಲ್ಲಿ ಕನ್ನಡ ಮನೆಮಾತಿನವರ ಬಾಯಿಗೂ ಸಾಕಿಗಿಂತ ಚಾಲೇ ಮೊದಲು ಬರುತ್ತದೆ. ಊಟದ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಚಾಲು ಅನ್ನದ ಮಗುವೇ ಅಲ್ಲಿಲ್ಲ. ಆದರೆ ಬೀರಕ್ಕನ ಚಾಲಿಗೆ ಬೇರೆಯೇ ತೂಕವಿತ್ತು. ಹೆಂಗಸರ ಜಗಳದ ನಡುವೆ ನಿಂತು ಅವಳು ಅದನ್ನು ಅಂದರೆ ಎತ್ತಿದ ಕೈ ಕೆಳಗಿಳಿಯುತ್ತಿತ್ತು. ಗಂಡ ಲಿಂಗಣ್ಣ ಕೊನೆಗಾಲದಲ್ಲಿ ಗಂಜಿ ಕುಡಿಯುತ್ತಾ ಚಾಲು ಅಂದನಂತೆ. "ನಾನು ಅನ್ನೋಗಂಟ ಚಾಲಾಗಲ್ಲ, ಕುಡಿ" ಎಂದು ಇನ್ನೆರಡು ಗುಟುಕು ಸುರಿದಳಂತೆ. ಪಾಪ, ಅದನ್ನೂ ಕುಡಿದೇ ಸತ್ತ.

ಒಬ್ಬನೇ ಮಗ ಅಂಬರೀಶ, ಪರಿಗಿ ರಸ್ತೆಯ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮೆಷಿನ್‌ಗಳನ್ನು ರಿಪೇರಿ ಮಾಡುವವನು. ಅವನಿಗೆ ಹೆಣ್ಣು ಹುಡುಕುವಾಗ ಬೀರಕ್ಕ ಹಾಕಿದ ಷರತ್ತು ಒಂದೇ, ಹುಡುಗಿ ಬೆಳ್ಳಗಿರಬೇಕು. "ನಾವೆಲ್ಲ ಹುಣಸೆ ಬೀಜದ ಬಣ್ಣ. ಹುಟ್ಟೋ ಮೊಮ್ಮಗನಾದ್ರೂ ಬೆಳ್ಳಗೆ ಬರ್ಲಿ ಕಣಮ್ಮ" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ರೊದ್ದಂ ಕಡೆಯ ಒಳ್ಳೊಳ್ಳೆ ಹೆಣ್ಣುಗಳನ್ನು ಬಣ್ಣಕ್ಕೆ ಬೇಡ ಅಂದಳು. ಕೊನೆಗೆ ಕಲ್ಯಾಣದುರ್ಗದ ಮುನೆಮ್ಮನ ಮಗಳು ಕೀರ್ತನಾ ಸಿಕ್ಕಳು. ಬೆಣ್ಣೆಯಂಥ ಹುಡುಗಿ. ಮದುವೆಯಾದ ಹೊಸದರಲ್ಲಿ ಬೀರಕ್ಕ ಸೊಸೆಯನ್ನು ಮಂಡಿಗೆ ಕರೆತಂದು, ಹೊಸ ಮಾಲು ಬಂದಾಗ ತೋರಿಸುವಂತೆ ಎಲ್ಲರಿಗೂ ತೋರಿಸಿದಳು.

ಎರಡನೇ ವರ್ಷಕ್ಕೆ ಕೀರ್ತನಾ ಕಪ್ಪಾಗತೊಡಗಿದಳು. ಬಿಸಿಲಿಗೆ ಮಂಕಾಗುವ ಕಪ್ಪಲ್ಲ ಅದು. ಮೊಣಕೈ, ಬೆರಳ ಗಿಣ್ಣು, ಅಂಗೈಯ ಗೆರೆ, ಕಡೆಗೆ ಒಸಡೂ ಕಪ್ಪಾಯಿತು. ಮೈ ಒಣಗಿತು. ಕೂತರೆ ಏಳಲಾರಳು, ಎದ್ದರೆ ಕಣ್ಣುಕತ್ತಲೆ. ಜತೆಗೆ ಇನ್ನೊಂದು ವಿಚಿತ್ರ. ಅಡುಗೆಮನೆಯ ಮೂಲೆಯಲ್ಲಿ ಕೂತು, ಮಕ್ಕಳು ಸಕ್ಕರೆ ಕದ್ದು ತಿಂದಂತೆ, ಉಪ್ಪನ್ನು ಬೊಗಸೆಯಲ್ಲಿ ತಿನ್ನುತ್ತಿದ್ದಳು.

ಬೀರಕ್ಕನ ನಾಲಿಗೆಗೆ ಹಬ್ಬವಾಯಿತು. "ಕಲ್ಯಾಣದುರ್ಗದೋರು ಸುಣ್ಣ ಬಳ್ದು ಕೊಟ್ಬುಟ್ರು ಕಣಮ್ಮ. ಎರಡು ಮಳೆಗೆ ತೊಳ್ದೋಯ್ತು" ಎಂದು ಮಂಡಿಯಲ್ಲಿ ಸಾರಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು, ಕೀರ್ತನಾ ಅಲ್ಲೇ ಕೂತು ಬೀಜ ಬಿಡಿಸುತ್ತಿದ್ದಾಗಲೇ ನಕ್ಕರು. ಕಪ್ಪಾದ ಮೇಲೆ ಮನೆಯಲ್ಲಿ ಕೂರಿಸಿ ಪೂಜೆ ಮಾಡುವುದೇನು ಎಂದು ಅತ್ತೆಯೇ ಅವಳನ್ನು ಕೆಲಸಕ್ಕೆ ಹಾಕಿದ್ದಳು. ಉಪ್ಪಿನ ಭರಣಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಉಪ್ಪು ತಿಂದೋಳು ನೀರು ಕುಡೀಲೇಬೇಕು, ನಮ್ಮನೆ ನೀರೂ ದಂಡ" ಎಂದಳು. ಆ ಹುಡುಗಿಯ ಮೈ ಉಪ್ಪನ್ನು ಹಿಡಿದಿಟ್ಟುಕೊಳ್ಳಲಾರದೆ ಒದ್ದಾಡುತ್ತಿದೆ, ಅದಕ್ಕೇ ನಾಲಿಗೆ ಉಪ್ಪನ್ನು ಬೇಡುತ್ತಿದೆ ಎಂದು ಆ ಮನೆಯಲ್ಲಿ ಯಾರಿಗೆ ಗೊತ್ತಿತ್ತು? ಅಂಬರೀಶ ಒಂದೆರಡು ಸಲ "ಚಾಲಮ್ಮಾ" ಎಂದು ನೋಡಿದ. ಅವನ ಚಾಲಿಗೆ ಆ ಮನೆಯಲ್ಲಿ ತೂಕವಿರಲಿಲ್ಲ. ಶಿಫ್ಟಿಗೆ ಹೊತ್ತಾಯಿತು ಎಂದು ಬೈಕು ಹತ್ತಿದ.

ಒಂದು ಬೇಸಿಗೆಯ ಮಧ್ಯಾಹ್ನ ಕೀರ್ತನಾ ಹಣ್ಣಿನ ರಾಶಿಯ ಮೇಲೆ ಹಾಗೇ ಒರಗಿದಳು. "ಏಳೇ ಮಹಾರಾಣಿ, ನಾಟಕ ಚಾಲು" ಎಂದು ಬೀರಕ್ಕ ಬಿಂದಿಗೆ ನೀರು ತಂದು ಮುಖಕ್ಕೆ ಸುರಿದಳು. ಹುಡುಗಿ ರೆಪ್ಪೆ ಅಲುಗಿಸಲಿಲ್ಲ. ಓಬುಳಪತಿ ಕೇಳುವವರನ್ನು ಕೇಳದೆ, ತಳ್ಳುಗಾಡಿಯ ಮೂಟೆಗಳನ್ನು ಕೆಳಗೆ ಬಿಸಾಕಿ, ಅವಳನ್ನು ಮಲಗಿಸಿಕೊಂಡು ಸ್ಟೇಷನ್ ಹತ್ತಿರದ ನರ್ಸಿಂಗ್ ಹೋಮಿಗೆ ಓಡಿದ. ಬೀರಕ್ಕ ಹಿಂದಿನಿಂದ ಅವನನ್ನು ಬಯ್ಯುತ್ತಲೇ ಹೋದಳು.

ಆ ನರ್ಸಿಂಗ್ ಹೋಮಿಗೆ ಬೆಂಗಳೂರಿನಿಂದ ರೈಲಿನಲ್ಲಿ ಒಬ್ಬ ಡಾಕ್ಟರು ಬಂದು ಹೋಗುತ್ತಿದ್ದರು. ಗಿರಿಜಾ ಅಂಗಡಿ ಎಂದು ಹೆಸರು, ಹಾವೇರಿ ಕಡೆಯವರು. ಹಾರ್ಮೋನಿನ ಕಾಯಿಲೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. "ಹೆಸರೇ ಅಂಗಡಿ, ಇನ್ನು ವ್ಯಾಪಾರ ಬಿಡ್ತಾರಾ?" ಎಂದು ಬೀರಕ್ಕ ಮೊದಲ ದಿನವೇ ಮೂಗು ಮುರಿದಳು. ಆದರೆ ಆ ಅಂಗಡಿ ಡಾಕ್ಟರು ಕೀರ್ತನಾಳ ಅಂಗೈಯನ್ನು ತಿರುಗಿಸಿ, ಗೆರೆಗಳ ಕಪ್ಪನ್ನು ನೋಡಿ, "ಉಪ್ಪು ಭಾಳ ತಿಂತೀರೇನ್ರಿ?" ಎಂದು ಕೇಳಿದಾಗ ಬೀರಕ್ಕ ತನ್ನ ಸೊಂಟದ ಕೀಲಿಕೈಯನ್ನು ಸೆರಗಿನಿಂದ ಮುಚ್ಚಿಕೊಂಡಳು.

ಬೆಳಗಿನ ರಕ್ತ ಪರೀಕ್ಷೆಗೆ ಹೋಯಿತು, ಕಾಯಿಲೆ ಗೊತ್ತಾಯಿತು. ಡಾಕ್ಟರು ತಮ್ಮ ಹಾವೇರಿ ಕನ್ನಡದಲ್ಲಿ ವಿವರಿಸಿದರು. ಪಕ್ಕದಲ್ಲಿದ್ದ ಭಾರ್ಗವಿ ಅದನ್ನು ಊರ ಮಾತಿಗೆ ತಿರುಗಿಸಿದಳು. ಭಾರ್ಗವಿ ಹಿಂದೂಪುರದ್ದೇ ಹುಡುಗಿ. ಸಂಶೋಧನೆಗೆ ಸೇರಿದ ರೋಗಿಗಳ ಮನೆಯವರೊಂದಿಗೆ ಮಾತಾಡುವುದೇ ಅವಳ ಕೆಲಸ.

"ಮೂತ್ರಪಿಂಡದ ಮೇಲೆ ಟೋಪಿ ಇಟ್ಟಂಗೆ ಒಂದು ಸಣ್ಣ ಗ್ರಂಥಿ ಇರ್ತದಂತೆ ಅಕ್ಕ. ಇವ್ರಿಗೆ ಅದು ಒಣಗೋಗೈತೆ. ಜ್ವರ, ಪೆಟ್ಟು, ಭಯ ಏನು ಬಂದ್ರೂ ಮೈ ತಡ್ಕೊಳ್ಳೋಕೆ ಒಂದು ರಸ ಬೇಕು, ಅದು ಊರ್ತಾ ಇಲ್ಲ. ಅದ್ಕೇ ಕಪ್ಪಾಗಿರೋದು, ಅದ್ಕೇ ಉಪ್ಪು ತಿಂತಿದ್ದಿದ್ದು. ಮಾತ್ರೆ ತಗಂಡ್ರೆ ಎಲ್ಲಾರಂಗೆ ಇರ್ತಾರೆ. ಇಲ್ದಿದ್ರೆ ಉಳಿಯಲ್ಲ."

"ಟೋಪಿಯಾ?" ಎಂದಳು ಬೀರಕ್ಕ. "ಕಲ್ಯಾಣದುರ್ಗದೋರು ನಮ್ಗೆ ಟೋಪಿ ಹಾಕಿದ್ರು ಅಂತ ನಾನು ಅವತ್ತೇ ಅಂದಿದ್ದೆ." ಸೊಸೆ ಸಾವಿನ ಬಾಗಿಲಿಂದ ಹಿಂದಕ್ಕೆ ಬಂದು ಪಕ್ಕದ ಮಂಚದಲ್ಲೇ ಮಲಗಿದ್ದಳು. ಅವಳೂ ನಕ್ಕಳು ಎಂದು ಬೀರಕ್ಕ ಆಮೇಲೆ ಹೇಳಿಕೊಂಡು ತಿರುಗಿದಳು. ನಕ್ಕಿರಲಾರಳು.

ಸಂಶೋಧನೆಯ ವಿಷಯ ಇಷ್ಟು: ಈ ಕಾಯಿಲೆಗೆ ಹಳೆಯ ಮಾತ್ರೆಯನ್ನು ದಿನಕ್ಕೆ ಮೂರು ಹೊತ್ತು ನುಂಗಬೇಕು, ಒಂದು ಹೊತ್ತು ಮರೆತರೂ ತೊಂದರೆ. ಅದರ ಬದಲು ಬೆಳಗ್ಗೆ ಒಮ್ಮೆ ನುಂಗಿದರೆ ದಿನವಿಡೀ ನಿಧಾನವಾಗಿ ಕರಗುವ ಹೊಸ ಮಾತ್ರೆಯನ್ನು ಪರೀಕ್ಷೆ ಮಾಡುತ್ತಿದ್ದರು. ಸೇರುವ ರೋಗಿಗೆ ಮನೆಯವರೊಬ್ಬರು ಹೊಣೆ ನಿಲ್ಲಬೇಕು. ಅಂಬರೀಶನಿಗೆ ಶಿಫ್ಟು. ಹೆಬ್ಬೆಟ್ಟು ಒತ್ತಿದವಳು ಬೀರಕ್ಕ. ಹೀಗೆ, ಯಾರನ್ನು ಕಂಡರೆ ಹಲ್ಲು ಕಡಿಯುತ್ತಿದ್ದಳೋ ಅವಳ ಜೀವ ಬೀರಕ್ಕನ ಕೈಗೇ ಬಂತು. ಬಯಸಿ ಬಂದದ್ದಲ್ಲ, ಆದರೆ ಕೈಗೆ ಬಂದದ್ದರ ಯಜಮಾನಿಕೆಯನ್ನು ಬೀರಕ್ಕ ಎಂದೂ ಬಿಟ್ಟವಳಲ್ಲ. ದಿನಾ ಬೆಳಗ್ಗೆ ತಾನೇ ಮಾತ್ರೆ ಕೊಡುತ್ತಿದ್ದಳು. "ಬಾಯಿ ತೆಗಿ. ನಾಲ್ಗೆ ಎತ್ತು. ಹೂಂ, ಹೋಗು" ಎಂದು ನುಂಗಿದ್ದನ್ನು ನೋಡಿಯೇ ಬಿಡುತ್ತಿದ್ದಳು.

ಕಪ್ಪು ಇಳಿಯತೊಡಗಿತು. ಮೊದಲು ಒಸಡು ಕೆಂಪಾಯಿತು, ಕೆನ್ನೆ ತಿಳಿಯಾಯಿತು. ಇದನ್ನು ಕಂಡು ಬೀರಕ್ಕನಿಗೆ ಒಂದು ಬುದ್ಧಿ ಹೊಳೆಯಿತು. ಒಂದು ಮಾತ್ರೆಗೆ ಇಷ್ಟು ಬೆಳ್ಳಗಾದರೆ ಎರಡಕ್ಕೆ ಎಷ್ಟಾಗಬೇಡ? ಅಂದಿನಿಂದ ದಿನಕ್ಕೆ ಎರಡೆರಡು ಕೊಟ್ಟಳು. ಹುಡುಗಿಯ ಮುಖ ಊದಿತು, ನಿದ್ದೆ ಕೆಟ್ಟಿತು. ಭಾರ್ಗವಿ ಉಳಿದ ಮಾತ್ರೆಗಳನ್ನು ಎಣಿಸುವಾಗ ಬೀರಕ್ಕ ಸಿಕ್ಕಿಬಿದ್ದಳು.

ಅಂಗಡಿ ಡಾಕ್ಟರು ಅವತ್ತು ರೋಗಿಗಳು ತುಂಬಿದ ವರಾಂಡದಲ್ಲೇ ಅವಳನ್ನು ನಿಲ್ಲಿಸಿ ಬೈದರು. "ನೀವೇನ್ ಡಾಕ್ಟರೇನ್ರಿ? ನಿಮ್ಮ ಶ್ಯಾಣ್ಯಾತನ ನಿಮ್ಮ ಮಂಡಿಯೊಳಗ ಇಟ್ಕೋರಿ. ನಾ ಏನ್ ಹೇಳ್ತೀನಿ ಅಷ್ಟ ಮಾಡ್ರಿ. ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ. ಇನ್ನೊಮ್ಮೆ ಹಿಂಗಾದ್ರ ಹೆಸರು ತೆಗೀತೀನಿ, ಆಮ್ಯಾಲೆ ನಿಮ್ಮ ಸೊಸಿ ಸತ್ರ ನೀವ ಹೊಣಿ."

ಬೀರಕ್ಕನಿಗೆ ಅಷ್ಟು ಜನರ ಮುಂದೆ ಹುಟ್ಟಿದಾರಭ್ಯ ಯಾರೂ ಹಾಗೆ ಬೈದಿರಲಿಲ್ಲ. ಭಾರ್ಗವಿ ತರ್ಜುಮೆ ಮಾಡಲು ಹೊರಟರೆ, "ಬ್ಯಾಡ ಬಿಡಮ್ಮ, ಬೈಗುಳ ಯಾವ ಊರ ಕನ್ನಡದಾಗಿದ್ರೂ ತಿಳೀತದೆ" ಎಂದಳು. ಮನೆಗೆ ಬಂದು ಮನೆದೇವರು ಬೀರಲಿಂಗನ ಪಟದ ಮುಂದೆ ಕೈಮುಗಿದು ಆಣೆಯಿಟ್ಟಳು. ಇನ್ನು ಆ ಡಾಕ್ಟರಮ್ಮನ ಮಾತೇ ಮಾತು. ಅವಳು ಹೇಳಿದ್ದನ್ನು ಮೀರಿದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಆಮೇಲಿನ ದಿನಗಳನ್ನು ಪ್ರೀತಿಯ ದಿನಗಳು ಅಂದರೆ ಬೀರಕ್ಕನೇ ಎದ್ದು ಬಂದು ಬೈದಾಳು. ಬಯ್ಗುಳ ನಿಲ್ಲಲಿಲ್ಲ. ಆದರೆ ಉಪ್ಪಿನ ಭರಣಿಗೆ ಹಾಕಿದ್ದ ಬೀಗ ಒಂದು ದಿನ ಕಾಣಲಿಲ್ಲ. ಮಂಡಿಯಲ್ಲಿ ಯಾರೋ "ಏನಕ್ಕಾ, ಸುಣ್ಣ ಮತ್ತೆ ಬಳ್ಸಿದ್ಯಾ?" ಎಂದು ಹಳೆಯ ತಮಾಷೆ ತೆಗೆದದ್ದಕ್ಕೆ ಬೀರಕ್ಕ ಅವಳ ಏಳು ತಲೆಮಾರನ್ನು ಜಾಲಾಡಿಬಿಟ್ಟಳು. ತಾನು ಹುಟ್ಟಿಸಿದ ತಮಾಷೆ ಇನ್ನೊಬ್ಬರ ಬಾಯಲ್ಲಿ ಬಂದರೆ ಅವಳೀಗ ಸಹಿಸುತ್ತಿರಲಿಲ್ಲ.

ನಿಂತುಹೋಗಿದ್ದ ಮುಟ್ಟು ಸರಿಹೋಯಿತು. ಸ್ವಲ್ಪ ಕಾಲಕ್ಕೆ ಕೀರ್ತನಾ ಬಸುರಾದಳು. ಬೀರಕ್ಕ ಡಾಕ್ಟರಿಗೆಂದು ಆಯ್ದ ಹಣ್ಣಿನ ಒಂದು ಉಂಡೆ ಕಟ್ಟಿಕೊಂಡು ಸುದ್ದಿ ಹೇಳಲು ಹೋದಳು. ಡಾಕ್ಟರು ನಕ್ಕರು, ಹಣ್ಣು ಇಸಿದುಕೊಂಡರು. ಆಮೇಲೆ ಕೀರ್ತನಾಳ ಹೆಸರನ್ನು ಸಂಶೋಧನೆಯಿಂದ ತೆಗೆದರು.

"ಬಸುರಾಗೋದು ತಪ್ಪಾ?" ಎಂದಳು ಬೀರಕ್ಕ.

"ರೂಲಂತೆ ಅಕ್ಕ" ಎಂದಳು ಭಾರ್ಗವಿ. "ಹೊಸ ಮಾತ್ರೆಯಿಂದ ಹೊಟ್ಟೇಲಿರೋ ಮಗೀಗೆ ಏನಾಗ್ತದೋ ಇನ್ನೂ ಗೊತ್ತಿಲ್ಲ. ಹಳೇ ಮಾತ್ರೆ ಬರ್ಕೊಡ್ತಾರೆ, ಮೂರು ಹೊತ್ತು. ಅದ್ರಿಂದ ಏನೂ ಆಗಲ್ಲ. ಹೆರೋಗಂಟ ನಿಲ್ಲಿಸ್ಬಾರ್ದು."

ಉಳಿದ ಮಾತ್ರೆಗಳನ್ನೂ, ಆಪತ್ತಿಗೆಂದು ಕೊಟ್ಟಿದ್ದ ಇಂಜೆಕ್ಷನ್ ಡಬ್ಬಿಯನ್ನೂ ಭಾರ್ಗವಿ ವಾಪಸು ಪಡೆದಳು. ಅವು ಸಂಶೋಧನೆಯ ಸಾಮಾನು. ಇಂಜೆಕ್ಷನ್ ಹೊರಗೆ ಕೊಳ್ಳಿ ಎಂದು ಚೀಟಿ ಬರೆದುಕೊಟ್ಟರು. ಅಂಬರೀಶ ಕೇಳಿದಾಗಲೆಲ್ಲ ಮೆಡಿಕಲ್ ಅಂಗಡಿಯವನು ನಾಳೆ ಬರುತ್ತದೆ ಅನ್ನುತ್ತಿದ್ದ. ವಾರವಾರ ಬರುತ್ತಿದ್ದ ಭಾರ್ಗವಿಯ ಫೋನೂ ನಿಂತಿತು. ಹೆಸರಿಲ್ಲದವರಿಗೆ ಫೋನು ಮಾಡುವ ಕೆಲಸ ಅವಳದಲ್ಲ. ಡಾಕ್ಟರು ಮಾತ್ರ ಮನಸ್ಸು ತಡೆಯದೆ ತಮ್ಮ ಸ್ವಂತ ನಂಬರು ಕೊಟ್ಟು, "ಅಂಜಬ್ಯಾಡ್ರಿ ಅಜ್ಜಿ. ಜ್ವರ, ವಾಂತಿ ಏನಾದ್ರೂ ಆದ್ರ ನನಗ ಫೋನ್ ಹಚ್ರಿ. ಎಷ್ಟು ಕೊಡ್ಬೇಕು ಅಂತ ಹೇಳ್ತೀನಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಅಲ್ಲಿಯವರೆಗೆ ಅವರ ಮಾತು ಭಾರ್ಗವಿಯ ಬಾಯಿಂದ ಬೀರಕ್ಕನ ಕಿವಿಗೆ ಬೀಳುತ್ತಿತ್ತು. ಇನ್ನು ಮೇಲೆ ನಡುವೆ ಯಾರೂ ಇರಲಿಲ್ಲ.

ಮಂಡಿಯ ಹೆಂಗಸರು ಬಿಟ್ಟಾರೆಯೇ? ಬಸುರಿಗೆ ಮೂರು ಹೊತ್ತು ಮಾತ್ರೆಯಾ, ಮಗು ಕರಗೀತು, ಕುರುಡಾದೀತು ಎಂದು ಒಬ್ಬೊಬ್ಬಳು ಒಂದೊಂದು ಹೇಳಿದಳು. ಬೀರಕ್ಕ ಅವರ ಬಾಯಿ ಮುಚ್ಚಿಸಿದಳು. ಒಳಗೆ ಬಿದ್ದ ಭಯ ಮಾತ್ರ ಹೊರಗೆ ಹೋಗಲಿಲ್ಲ. ಮಾತ್ರೆ ಕೊಡುವಾಗಲೆಲ್ಲ ಈಗ ಸೊಸೆಯ ಬಾಯಿಯನ್ನು ಬಿಟ್ಟು ಹೊಟ್ಟೆಯನ್ನು ನೋಡುತ್ತಿದ್ದಳು.

ಏಳನೇ ತಿಂಗಳಿಗೆ ಮುನೆಮ್ಮ ಮಗಳನ್ನು ಕರೆದೊಯ್ಯಲು ಬಂದಳು. ಕಲ್ಯಾಣದುರ್ಗದಲ್ಲಿ ಮಡಿಲು ತುಂಬುವ ಶಾಸ್ತ್ರ. ಬೀರಕ್ಕ ತಾನೂ ಹೊರಟಳು. ಬೀಗರ ಮನೆಯಲ್ಲಿ ಅತ್ತೆ ಹೋಗಿ ಠಿಕಾಣಿ ಹೂಡುವುದು ಲೋಕರೂಢಿಯಲ್ಲ. "ಮಾತ್ರೆ ನನ್ನ ಕೈಯಾಗೇ ಇರ್ಬೇಕು, ನಾನೂ ಬತ್ತೀನಿ" ಎಂದು ಡಬ್ಬಿಯನ್ನು ಎಲೆಯಡಿಕೆ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದಳು.

ಶಾಸ್ತ್ರ ಚೆನ್ನಾಗಿಯೇ ಆಯಿತು. ಹಸಿರು ಸೀರೆಯಲ್ಲಿ ಕೀರ್ತನಾ ಮದುವೆಯ ದಿನದಂತೆಯೇ ಕಂಡಳು. ಬೀರಕ್ಕ ಎಲ್ಲರೆದುರು ಅವಳ ಮುಂಗೈ ಎತ್ತಿ ಹಿಡಿದು, "ನೋಡ್ರಮ್ಮ, ಹೆಂಗವ್ಳೆ ನನ್ನ ಸೊಸೆ" ಎಂದಳು. ಕೀರ್ತನಾ ನಾಚಿ ಕೈ ಎಳೆದುಕೊಂಡಳು. ಅತ್ತೆಯ ಬಾಯಿಂದ ಅಷ್ಟು ವರ್ಷಕ್ಕೆ ಬಂದ ಮೊದಲ ಒಳ್ಳೆಯ ಮಾತು ಅದು.

ಮಾರನೆಯ ಬೆಳಗ್ಗೆ ಅವಳ ಮೈ ಸುಡುತ್ತಿತ್ತು. ಆಮೇಲೆ ವಾಂತಿ. ಬೆಳಗಿನ ಮಾತ್ರೆಯೂ ಹೊರಗೆ ಬಂತು. ಮುನೆಮ್ಮ ಆಟೋ ಕರೆಯಲು ಎದ್ದಳು.

"ಸುಮ್ಕಿರು" ಎಂದಳು ಬೀರಕ್ಕ. "ಮೊದ್ಲು ಡಾಕ್ಟ್ರಮ್ಮನ್ನ ಕೇಳ್ತೀನಿ. ಅವ್ರನ್ನ ಕೇಳ್ದೆ ಏನೂ ಮಾಡಂಗಿಲ್ಲ."

ಸಿಗ್ನಲ್ ಸಿಗುತ್ತಿದ್ದದ್ದು ಮಾಳಿಗೆಯ ಮೇಲೆ ಮಾತ್ರ. ಮೊಣಕಾಲು ನೋವಿನ ಮುದುಕಿ ಏಣಿ ಹತ್ತಿದಳು. ಒಂದೊಂದೇ ಅಂಕಿ ನೋಡಿ ನಂಬರು ಒತ್ತಿದಳು. ಅತ್ತ ಡಾಕ್ಟರು ಬೆಂಗಳೂರಿನ ದೊಡ್ಡ ಸಭೆಯೊಂದರಲ್ಲಿದ್ದರು. ಒಂದು ಹೊತ್ತಿನ ಹೊಸ ಮಾತ್ರೆ ಗೆದ್ದ ಸಂಗತಿಯನ್ನು ಅವತ್ತೇ ಅಲ್ಲಿ ಹೇಳುವುದಿತ್ತು. ಆದರೂ ಫೋನು ಎತ್ತಿದರು.

"ಅಮ್ಮಾ, ನಾನು ಹಿಂದೂಪುರದ ಬೀರಕ್ಕ! ಹುಡ್ಗಿಗೆ ಜ್ವರ, ಎಲ್ಲಾ ಕಕ್ಕಂಬುಟ್ಲು. ಗುಳಿಗೆ ಏನ್ ಮಾಡ್ಲಿ? ಕೊಡ್ಲಾ ಬ್ಯಾಡ್ವಾ?"

"ಗುಳಿಗಿ ಚಾಲೂ ಇಡ್ರಿ ಅಜ್ಜಿ!" ಎಂದರು ಡಾಕ್ಟರು. "ಕೇಳ್ಸಿತೇನ್ರಿ? ಚಾಲೂ! ಚಾಲೂ ಇಡ್ರಿ, ಮತ್ತ..."

ಅವರ ಹಿಂದೆ ಚಪ್ಪಾಳೆ ಎದ್ದಿತು. ಯಾರದೋ ಭಾಷಣ ಮುಗಿದಿರಬೇಕು. ಆ ಸದ್ದಿನಲ್ಲಿ ಉಳಿದ ಮಾತು ಮುಳುಗಿ, ಲೈನು ಕಟ್ಟಾಯಿತು. ಬೀರಕ್ಕ ಮತ್ತೆ ಮಾಡಲಿಲ್ಲ. ಏನು ಬೇಕಿತ್ತೋ ಅದು ಸಿಕ್ಕಿತ್ತು. ಗುಳಿಗೆ ಚಾಲು, ಇಡ್ರಿ. ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳುತ್ತಾರೆ? ಬಸುರಿಗೆ ಅಷ್ಟು ಮಾತ್ರೆ ಒಳ್ಳೆಯದಲ್ಲ ಎಂದು ತನ್ನ ಕರುಳು ಹೇಳುತ್ತಿದ್ದುದನ್ನೇ ಡಾಕ್ಟರೂ ಹೇಳಿದರು. ಕೆಳಗಿಳಿದು ಬಂದಳು. ಆಮೇಲೆ ಅತ್ತಣಿಂದ ಫೋನು ಬಂತೋ ಇಲ್ಲವೋ, ಬಂದರೂ ಕೆಳಗಿನ ಕೋಣೆಗೆ ಮುಟ್ಟುವಂತಿರಲಿಲ್ಲ.

ಡಾಕ್ಟರು ಇಡ್ರಿ ಅಂದಿದ್ದರು. ಬೀರಕ್ಕ ಡಬ್ಬಿಯನ್ನು ಅಟ್ಟದ ಮೇಲೆ, ಯಾರ ಕೈಗೂ ಎಟುಕದಂತೆ ಇಟ್ಟಳು.

ಮಧ್ಯಾಹ್ನಕ್ಕೆ ಕೀರ್ತನಾ ತಾನಾಗಿಯೇ ಕೇಳಿದಳು. "ಅತ್ತೆ, ಮಾತ್ರೆ ಕೊಡು. ಮೊದ್ಲು ಬಿದ್ದಾಗ್ಲೂ ಹಿಂಗೇ ಆಗಿತ್ತು. ಕೊಡು ಅತ್ತೆ."

"ಬ್ಯಾಡ ಕಣವ್ವ. ಡಾಕ್ಟ್ರಮ್ಮ ಚಾಲು ಅಂದ್ರು."

"ಚಾಲು ಅಂದ್ರಾ? ಅವ್ರೇ?"

"ಅವ್ರೇ ಕಣೇ. ಮೂರ್ಮೂರು ಸಲ ಅಂದ್ರು."

ಕೀರ್ತನಾ ಕಣ್ಣು ಮುಚ್ಚಿದಳು. ಅವಳಿಗೂ ಅತ್ತೆಗೂ ಆ ಮಾತಿನ ಅರ್ಥ ಒಂದೇ ಆಗಿತ್ತು. ಹುಟ್ಟಿದಾಗಿನಿಂದ ಒಂದೇ ಆಗಿತ್ತು. ಒಪ್ಪದವಳು ಮುನೆಮ್ಮ ಒಬ್ಬಳೇ. ಸ್ಟೂಲು ತಂದು ಅಟ್ಟಕ್ಕೆ ಕೈ ಹಾಕಿದಳು. ಬೀರಕ್ಕ ಅವಳ ರಟ್ಟೆ ಹಿಡಿದು ಕೆಳಗೆಳೆದಳು.

"ಬಿಡಕ್ಕಾ, ನನ್ನ ಮಗ್ಳು ಬಾಯಿಬಿಟ್ಟು ಕೇಳ್ತವ್ಳೆ."

"ನಿನ್ನ ಮಗ್ಳ ಹೊಟ್ಟೇಲಿರೋದು ನನ್ನ ಮೊಮ್ಮಗು. ಒಂದು ಸಲ ನನ್ನ ಬುದ್ಧಿ ಓಡಿಸಿ ಅಷ್ಟು ಜನದ ಮುಂದೆ ಉಗಿಸ್ಕಂಡೆ. ಇನ್ನೊಂದು ಸಲ ಓಡ್ಸಲ್ಲ, ನಿನಗೂ ಬಿಡಲ್ಲ."

ಆಟೋ ಅಂದರೂ ಬಿಡದೆ, ಡಾಕ್ಟರು ಆಸ್ಪತ್ರೆ ಅನ್ನಲಿಲ್ಲ ಎಂದು ಬಾಗಿಲಲ್ಲಿ ಕೂತು ಕಾವಲು ಕಾದಳು. ನಡುನಡುವೆ ಎದ್ದು ಹೋಗಿ ಸೊಸೆಯ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಉಪ್ಪು ಬೇಕೆಂದಾಗ ಮಜ್ಜಿಗೆಗೆ ಕೈತುಂಬ ಉಪ್ಪು ಹಾಕಿ ತಾನೇ ಲೋಟ ಹಿಡಿದಳು. ಅದೂ ನಿಲ್ಲಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಹುಡುಗಿಯ ಕೈಕಾಲು ತಣ್ಣಗಾದವು. ಆಟೋದಲ್ಲಿ ಆಸ್ಪತ್ರೆಯ ಬಾಗಿಲು ಮುಟ್ಟುವಾಗ ಅವಳ ತಲೆ ಬೀರಕ್ಕನ ತೊಡೆಯ ಮೇಲಿತ್ತು. ಅಲ್ಲಿ ಮಾಡುವುದೇನೂ ಉಳಿದಿರಲಿಲ್ಲ. ಮಗುವೂ ಉಳಿಯಲಿಲ್ಲ. ಗಂಡಾಗಿತ್ತು.

ಹಸಿರು ಸೀರೆಯಲ್ಲೇ ಮಣ್ಣು ಮಾಡಿದರು. ಬಂದ ನೆಂಟರಲ್ಲಿ ಒಬ್ಬಳು ಮುನೆಮ್ಮನ ಬೆನ್ನು ಸವರುತ್ತಾ, "ದೇವ್ರು ಚಾಲು ಅಂದ್ಬುಟ್ಟ, ಏನ್ ಮಾಡೋಕಾಯ್ತದೆ" ಎಂದಳು. ಬೀರಕ್ಕನೂ ಹೂಂಗುಟ್ಟಿದಳು. ಡಾಕ್ಟರೇ ಮಾತ್ರೆ ಚಾಲು ಅಂದರು ಎಂದು ತಿಳಿದ ಅಂಬರೀಶ ಅಮ್ಮನನ್ನು ಮತ್ತೇನೂ ಕೇಳಲಿಲ್ಲ. ಅಷ್ಟು ವರ್ಷ ಹೆಂಡತಿಯನ್ನು ಹುರಿದು ತಿಂದ ಅಮ್ಮ, ಕೊನೆಯಲ್ಲಿ ಹೆತ್ತವಳಿಗಿಂತ ಹೆಚ್ಚು ಮಾಡಿದಳು ಎಂದು ಊರೇ ಹೇಳುತ್ತಿತ್ತು. ಅವನೂ ಅದನ್ನೇ ನಂಬಿದ. ಅದೊಂದು ನಂಬಿಕೆಯ ಮೇಲೆ ಅವನು ಮತ್ತೆ ಶಿಫ್ಟಿಗೆ ಹೋಗತೊಡಗಿದ.

ತಿಂಗಳು ಕಳೆದ ಮೇಲೆ ಒಂದು ದಿನ, ಅಂಬರೀಶ ಕೆಲಸಕ್ಕೆ ಹೋಗಿದ್ದಾಗ, ಡಾಕ್ಟರೂ ಭಾರ್ಗವಿಯೂ ಮನೆಗೆ ಬಂದರು. ಸಂಶೋಧನೆಯಲ್ಲಿ ಇದ್ದಾಗಲೇ ಬಸುರಾದವಳ ಹೆಸರನ್ನು ತೆಗೆದರೂ ಬಸಿರು ಏನಾಯಿತು ಎಂದು ಬರೆದುಕೊಳ್ಳಲೇಬೇಕಂತೆ. ಬದುಕಿದ್ದಾಗ ಹೆಸರು ಬೇಡವಾಗಿತ್ತು, ಸತ್ತ ಮೇಲೆ ಬೇಕಾಯಿತು. ಬೀರಕ್ಕ ಚಾಪೆ ಹಾಸಿ ಕೂರಿಸಿದಳು. ಮಾತ್ರೆ ಕೊಟ್ಟಿರಲಿಲ್ಲವೆಂದು ಆಸ್ಪತ್ರೆಯ ಕಾಗದದಿಂದ ತಿಳಿದಿದ್ದ ಡಾಕ್ಟರ ಕಣ್ಣು ಕೆಂಪಾಗಿತ್ತು.

"ಅವತ್ತ ನಾ ಏನ್ ಹೇಳಿದ್ದೆ ಅಜ್ಜಿ, ನೆನಪೈತೇನ್ರಿ?"

"ಐತಲ್ಲಮ್ಮಾ" ಎಂದಳು ಬೀರಕ್ಕ. "ಗುಳಿಗೆ ಚಾಲು, ಇಡ್ರಿ ಅಂದ್ರಿ."

"ಹೌದ್ರಿ. ಚಾಲೂ ಇಡ್ರಿ ಅಂದಿದ್ದೆ. ಮತ್ತ್ಯಾಕ ಕೊಡ್ಲಿಲ್ಲ?"

"ನೀವು ಚಾಲು ಅಂದ್ರಿ, ನಾನು ಇಟ್ಬುಟ್ಟೆ. ಒಂದೇ ಒಂದೂ ಕೊಡ್ಲಿಲ್ಲ. ಅವ್ಳು ಬೇಡ್ಕಂಡ್ಲು, ಅವ್ರಮ್ಮ ಜಗಳಕ್ಕೇ ಬಂದ್ಲು. ನಾನು ನಿಮ್ಮ ಮಾತು ಮೀರ್ಲಿಲ್ಲ." ಅವಳ ದನಿಯಲ್ಲಿ ಒಂದು ಹೆಮ್ಮೆಯಿತ್ತು. ಭೇಷ್ ಅನ್ನುತ್ತಾರೆ ಎಂದು ಮುದುಕಿ ಡಾಕ್ಟರ ಮುಖವನ್ನೇ ನೋಡುತ್ತಿದ್ದಳು.

ಇಬ್ಬರೂ ಹೇಳಿದ್ದು ಒಂದೇ ಮಾತು. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾದದ್ದು ಭಾರ್ಗವಿಗೆ. ಅವಳ ಕೈಯ ಪೆನ್ನು ಕೆಳಗೆ ಬಿತ್ತು. ಡಾಕ್ಟರು "ಏನಾತು ಭಾರ್ಗವಿ? ಹೇಳ್ರಿ" ಎಂದು ಒತ್ತಾಯ ಮಾಡಿದರು. ಆ ಹುಡುಗಿ ಸುಮ್ಮನೆ ಇದ್ದುಬಿಡಬಹುದಿತ್ತು. ಇದ್ದಿದ್ದರೆ ಒಳ್ಳೆಯದಿತ್ತೆಂದು ನನಗನ್ನಿಸುತ್ತದೆ. ಆದರೆ ಮಾತು ತಿರುಗಿಸುವುದೇ ಅವಳ ಕೆಲಸವಾಗಿತ್ತು.

"ಅಕ್ಕಾ" ಎಂದಳು, ಬೀರಕ್ಕನ ಮುಖ ನೋಡದೆ, ತೆಲುಗಿನಲ್ಲಿ. "ವಾಳ್ಳ ಊಳ್ಳೋ ಚಾಲೂ ಅಂಟೆ ಆಪೊದ್ದು ಅನಿ."

ಅವರ ಊರಲ್ಲಿ ಚಾಲೂ ಅಂದರೆ ನಿಲ್ಲಿಸಬೇಡ ಎಂದು.

ಆಮೇಲೆ ಭಾರ್ಗವಿ ಡಾಕ್ಟರ ಕಡೆ ತಿರುಗಿ, ಇಲ್ಲಿ ಚಾಲು ಅಂದರೆ ಸಾಕು ಎಂದು ಹೇಳಿದಳು. ಡಾಕ್ಟರು ಬೀರಕ್ಕನ ಕೈ ಹಿಡಿಯಲು ಹೋದರು, ಹಿಡಿಯಲಿಲ್ಲ. ಸ್ವಲ್ಪ ಹೊತ್ತು ಅತ್ತರು. ಆಮೇಲೆ ಬರೆಯಬೇಕಾದ್ದನ್ನು ಬರೆದರು: ಸೂಕ್ತ ಸಲಹೆ ನೀಡಲಾಗಿತ್ತು, ಮನೆಯವರು ಪಾಲಿಸಲಿಲ್ಲ. ಯಾರ ಮಾತನ್ನೂ ಕೇಳದೆ ಬದುಕಿದ ಹೆಂಗಸು ಜನ್ಮದಲ್ಲಿ ಒಮ್ಮೆ, ಒಬ್ಬರ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದಳು. ಅದಕ್ಕೆ ಸಿಕ್ಕ ಷರಾ ಇದು. ಅವರು ಹೋಗುವಾಗ ಬೀರಕ್ಕ ಬಾಗಿಲವರೆಗೂ ಬಂದು, "ನಿಧಾನಕ್ಕೆ ಹೋಗ್ಬನ್ನಿ" ಎಂದಳು.

ಸಂಜೆ ಅಂಬರೀಶ ಬಂದ. ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತ. ಬೀರಕ್ಕ ಮುದ್ದೆ ಇಟ್ಟು, ಸೌಟಿನಲ್ಲಿ ಸಾರು ಬಿಡತೊಡಗಿದಳು.

"ಚಾಲಮ್ಮಾ" ಎಂದ ಅವನು, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು.

ಸೌಟು ಮತ್ತೆ ಪಾತ್ರೆಗೆ ಹೋಯಿತು, ಮತ್ತೆ ಬಂತು. ಸಾರು ಅವನ ಬೆರಳ ಮೇಲೆ ಬಿತ್ತು, ತಟ್ಟೆ ತುಂಬಿತು, ಅಂಚು ಮೀರಿ ನೆಲಕ್ಕೆ ಇಳಿಯಿತು.

"ಅಮ್ಮಾ! ಚಾಲು ಅಂದ್ನಲ್ಲ, ಕೇಳಿಸ್ಲಿಲ್ವಾ?"

"ಕೇಳಿಸ್ತು ಕಣಪ್ಪ" ಎಂದಳು ಬೀರಕ್ಕ. "ಡಾಕ್ಟ್ರಮ್ಮ ಬಂದಿದ್ರು ಇವತ್ತು. ಅವ್ರ ಊರಾಗೆ ಚಾಲು ಅಂದ್ರೆ ನಿಲ್ಲಿಸ್ಬ್ಯಾಡ ಅಂತಂತೆ."

ಅಂಬರೀಶನಿಗೆ ತಕ್ಷಣ ತಿಳಿಯಲಿಲ್ಲ. ಅಮ್ಮನ ಮುಖ ನೋಡಿದ. ಅವಳ ಹಿಂದೆ, ಬೀರಲಿಂಗನ ಪಟದ ಕೆಳಗೆ, ಕಲ್ಯಾಣದುರ್ಗದಿಂದ ಹಾಗೇ ವಾಪಸು ಬಂದಿದ್ದ ಮಾತ್ರೆಯ ಡಬ್ಬಿ ಇತ್ತು. ಅದನ್ನು ನೋಡಿದ. ಮತ್ತೆ ಅಮ್ಮನನ್ನು ನೋಡಿದ. ಆಮೇಲೆ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದ.

ಬೀರಕ್ಕ ಸೌಟು ಹಿಡಿದುಕೊಂಡೇ ಕೂತಿದ್ದಳು. ಅವನು ಬಯ್ಯಲಿ, ಹೊಡೆಯಲಿ, ಏನಾದರೂ ಒಂದು ಅನ್ನಲಿ ಎಂದು ಕಾಯುತ್ತಿದ್ದಳು. ಅವನು ಹೊರಗೆ ಹೋಗಿ ಬೈಕು ಹತ್ತಿದ.